ಚುಕ್ಕಿ ಮುಂದಿನ ಸಂದು

ಎರಡು ಸಾವಿರನೇ ಇಸವಿ ಬಂದ್ರ ಕಂಪ್ಯೂಟರೆಲ್ಲಾ ಸಾಯ್ತಾವಂತ ಮಂದಿ ಅನ್ನಾಕತ್ಯಾರ. ಅಲ್ಲೀತನಕ ಕಾಯೋ ತಾಳ್ಮಿ ನನಗೆಲ್ಲೈತಿ? ಹೋದ ವರ್ಷನೇ ಸಿಂಧನೂರಾಗ ಒಂದರ ಪ್ರಾಣ ತೆಗದೆ.

ಅದು ಅಕ್ಕಿ ಮಿಲ್ಲಿನ ಸಾವ್ಕಾರ್ರದು. ಹುಡುಗ್ಯಾರಿಗೆ ಕ್ಲಾಸ್ ತೆಗಿಯೋರಿದ್ರು. ನಮ್ಮಕ್ಕಗ ಹೇಳಿದ್ರು, "ಮಷೀನ್ ಸಜ್ಜು ಮಾಡಿ ಒಂದ್ ಹಾಳಿ ಪ್ರಿಂಟ್ ತೆಗದು ತೋರಸವ್ವಾ, ಟೀಚರ್ ಕೆಲಸ ನಿಂದ." ಅಕ್ಕ ಲಿಂಗಸುಗೂರಾಗ ಟೈಪಿಂಗ್ ಕಲ್ತಾಕಿ. ದಿನಾ ನನ್ನ ಜೋಡಿ ಮಸ್ಕಿಯಿಂದ ಬಸ್ಸಿಗೆ ಬಂದು, ಸೀಡಿಯಾಗಿನ ಸಾಫ್ಟ್‌ವೇರ್ ಪ್ಯಾಕೇಜು ಒಂದೊಂದ ಹೆಸರು ಬಡದು ಹಾಕಾಕತ್ತಿದ್ಲು, ಅಕ್ಕಿ ಆರಿಸಿದಂಗ.

ಅವತ್ತು ಸಾವ್ಕಾರ್ರು ನೋಡಾಕ ಬಂದ್ರು. ಹಿಂದ ಕ್ಲಾಸಿಗೆ ಸೇರೋ ಹುಡುಗ್ಯಾರು. ಅವರನ್ನ ಕಂಡ ಕೂಡ್ಲೆ ನನ್ನ ಕಾಲರು ತಾನಾಗೇ ಎದ್ದು ನಿಂತಿತು.

"ಸರಿ ಅಕ್ಕಾ, ಹಿಂಗ ಬಡದ್ರ ಮುಂದಿನ ಉಗಾದಿಗೆ ಮುಗೀತದ."

"ಲೇ, ಮುಟ್ಟಬ್ಯಾಡ."

ಮುಟ್ಟಿದೆ. "ಪಿ-ಆರ್ ಬಡದು ಬೆನ್ನಿಗೇ ಈ ನಕ್ಷತ್ರದಂಥಾ ಚುಕ್ಕಿ ಇಟ್ರ, ಆ ಎರಡಕ್ಷರಲೆ ಶುರುವಾಗೋ ಪ್ರಿಂಟಿನ ಪ್ಯಾಕೇಜೆಲ್ಲಾ ಒಮ್ಮೆಲೆ ಬರ್ತಾವ. ಮದುವಿಗೆ ಮನಿಮಂದಿಗೆಲ್ಲಾ ಹೇಳಿದಂಗ" ಅಂತ ಹುಡುಗ್ಯಾರಿಗೆ ಕೇಳೋಹಂಗ ಭಾಷಣ ಬಿಗಿದೆ. ಕಂಪ್ಯೂಟರ್ ತಕರಾರು ಮಾಡದಂಗ 'ಜಬರ್ದಸ್ತಿ ಹಾಕು' ಅನ್ನೋ ಹುಕುಮೂ ಕೂಡಿಸಿದೆ. ತಬಲಾ ಬಾರಿಸಿದಂಗ ಬಡಿಯೋವಾಗ ಹೆಬ್ಬಟ್ಟು ಸ್ಪೇಸಿಗೆ ತಾಗಿದ್ದು ಗೊತ್ತಾಗ್ಲಿಲ್ಲ. ಪಿ-ಆರ್ ಒಂದ್ಕಡಿ, ಚುಕ್ಕಿ ಒಂದ್ಕಡಿ, ನಡುವ ಸಂದು.

ಒಂಟಿ ಚುಕ್ಕಿ ಅಂದ್ರ ಎಲ್ಲಾ. ಸೀಡಿಯಾಗಿದ್ದದ್ದೆಲ್ಲಾ ಎದ್ದು ಬಂತು: ಇಸ್ಪೀಟಾಟ, ಗಡಿಯಾರ, ಯಾವ್ಯಾವ್ದೋ ದೇಶದ ಅಕ್ಷರ. ಡಿಸ್ಕು ಹೊಟ್ಟಿ ಬಿರಿಯೋಹಂಗ ತುಂಬಿ ನಿಂತೇಬಿಡ್ತು. ಮತ್ತ ಚಾಲೂ ಮಾಡಿದ್ರ ಬರೇ ಕರೀ ಪರದಿ.

"ಅಲ್ಲಲೇ, ಒಂದ್ ಮನಿಗೆ ಹೇಳಾಕ ಹೋಗಿ ಊರಿಗೆಲ್ಲಾ ಡಂಗುರ ಹೊಡದ್ಯಾ?" ಅಂದ್ರು ಸಾವ್ಕಾರ್ರು. ಹುಡುಗ್ಯಾರು ನಕ್ಕಿದ್ದು ದೂರದ ಮುಕ್ಕುಂದದ ತನಕ ಕೇಳಿರಬೇಕು.

ಅದನ್ನಾರ ತಡಕೋಬಹುದಿತ್ತು. ಸಾವ್ಕಾರ್ರು ಅಕ್ಕನ ಕಡಿ ತಿರುಗಿದ್ರು. "ಮನಿಯಾಗಿನ ತಮ್ಮನ್ನ ಹಿಡಿಯಾಕಾಗದಾಕಿ, ಇಷ್ಟು ಹುಡುಗ್ಯಾರನ್ನ ಹ್ಯಾಂಗ ಹಿಡೀತಿಯವ್ವಾ?"

ತಪ್ಪು ನಂದ್ರೀ ಅನ್ನಬೇಕಿತ್ತು. ಅಕ್ಕನ ಕಿವಿ ಕೆಂಪಾಗಿದ್ದು ನೋಡಿ ನೆಲ ನೋಡಿದೆ.

"ನಾಳಿ ಸಂಜಿಗೆ ಬರ್ರಿ ಸಾವ್ಕಾರ್ರ" ಅಂದು ಆಕಿ ಸೀಡಿ ಮತ್ತ ಒಳಗ ದಬ್ಬಿದ್ಲು. ಮದ್ಲಿಂದ, ಒಂದೊಂದಾಗಿ. ನನ್ನ ಜಾಗ ಹೊರಗ ಕಟ್ಟಿ ಮ್ಯಾಲ.

ಮರುದಿನ ಸಂಜಿಗೆ ಹಾಳಿ ಪ್ರಿಂಟಾತು, ಕೆಲಸ ಸಿಕ್ತು ಅಕ್ಕಗ. ಆದ್ರ ಆ ಕ್ಲಾಸಿನಾಗ ಈಗ ಸ್ಪೇಸಿಗೆ ಯಾರೂ ಸ್ಪೇಸ್ ಅನ್ನಾಂಗಿಲ್ಲ, 'ತಮ್ಮ' ಅಂತಾರ. "ಪಿ-ಆರ್ ಆದ ಮ್ಯಾಲ ತಮ್ಮನ್ನ ನಡುವ ಬಿಟ್ಕೋಬ್ಯಾಡ್ರವ್ವಾ, ಸೀದಾ ಚುಕ್ಕಿ" ಅಂತ ಆಕಿ ಹೇಳೋದು ಒಮ್ಮೆ ಕಿಡಕಿ ಹೊರಗಿಂದ ಕೇಳಿದೆ. ಅವತ್ತಿಂದ ಆ ಓಣಿ ಬಿಟ್ಟು, ಬಸ್‌ಸ್ಟ್ಯಾಂಡಿಗೆ ಸುತ್ತ ಹಾಕ್ಕೊಂಡು ಹೋಗ್ತೀನಿ.