ಗೋಡಂಬಿಗೆ ಬಿಳಿಯ ಅಳತೆ

ಧಾರೇಶ್ವರದಲ್ಲಿ ನನ್ನ ತಂಗಿಯದೊಂದು ಸಣ್ಣ ಗೋಡಂಬಿ ಕಾರ್ಖಾನೆಯಿದೆ. ನಿವೃತ್ತಿಯ ನಂತರ ಕಂಪ್ಯೂಟರ್ ಕಲಿತು ಬಂಧುಬಳಗಕ್ಕೆಲ್ಲ ಉಪದ್ರವ ಕೊಡುತ್ತಿದ್ದ ನಾನು, ಬಿಳಿ ಬೀಜ, ಸುಟ್ಟ ಬೀಜಗಳನ್ನು ಗುರುತಿಸಿ ಹೇಳುವ ಕ್ಯಾಮೆರಾವೊಂದನ್ನು ಅಲ್ಲಿ ಪ್ರತಿಷ್ಠಾಪಿಸಿದೆ. ಅಂದರೆ, ಮಾಡಿನ ಮರದ ಪಕಾಸಿಗೆ ಹಗ್ಗದಿಂದ ಕಟ್ಟಿದೆ.

ತೊಂದರೆಯಿದ್ದದ್ದು ಮಾಡಿನ ಗಾಜಿನ ಹಂಚಿನಲ್ಲಿ. ಬಿಸಿಲಿಗೆ ಬೆಳ್ಳಗಿದ್ದ ಬೀಜವೇ, ಸಮುದ್ರದ ಕಡೆಯಿಂದ ಒಂದು ಮೋಡ ಬಂದರೆ ಕ್ಯಾಮೆರಾದ ಕಣ್ಣಿಗೆ ಸುಟ್ಟದ್ದಾಗುತ್ತಿತ್ತು. ಇದಕ್ಕೆ ಉಪಾಯವಿದೆ. ಕ್ಯಾಮೆರಾದ ಕೆಳಗೆ ಬೀಜ ಹರಡಿದ ತಟ್ಟೆಯ ಮೂಲೆಯಲ್ಲೊಂದು ಬಿಳಿ ವಸ್ತು ಇಡಬೇಕು. ಚಿತ್ರದಲ್ಲಿ ಅದು ಎಷ್ಟು ಮಂಕಾಗಿದೆ, ಯಾವ ಬಣ್ಣಕ್ಕೆ ತಿರುಗಿದೆ ಎಂದು ಅಳೆದು, ಅಷ್ಟನ್ನೂ ಇಡೀ ಚಿತ್ರದಲ್ಲಿ ಸರಿಪಡಿಸಿದರೆ ಬೆಳಕಿನ ಆಟ ಮುಗಿಯಿತು. ಅದಕ್ಕೆಂದೇ ಆರಿಸಿಟ್ಟ ಬಿಳಿ ಬಿಲ್ಲೆ ಮಾತ್ರ ಶಿರಾಲಿಯ ನಮ್ಮ ಮನೆಯಲ್ಲೇ ಉಳಿದಿತ್ತು.

ಅಂದು ಭಟ್ಕಳದ ವ್ಯಾಪಾರಿಯೊಬ್ಬರು ಬಂದಿದ್ದರು. ಕ್ಯಾಮೆರಾದ ಆಯ್ಕೆ ಅವರಿಗೆ ಒಪ್ಪಿಗೆಯಾದರೆ ತಂಗಿಗೆ ವರ್ಷವಿಡೀ ಗಿರಾಕಿ ಸಿಕ್ಕಂತೆ. ಅವರು ಚಹಾ ಹಿಡಿದು ಕೂತಾಗ ನಾನು ಹೆಗಲ ಮೇಲಿನ ಶಲ್ಯವನ್ನು, ಹೋಮಕ್ಕೆ ಪೂರ್ಣಾಹುತಿ ಕೊಡುವ ಗಾಂಭೀರ್ಯದಲ್ಲಿ, ಮಡಿಸಿ ತಟ್ಟೆಯ ಮೂಲೆಗಿಟ್ಟೆ. ಅದಕ್ಕಿಂತ ಬಿಳಿಯ ವಸ್ತು ತಾಲೂಕಿನಲ್ಲೇ ಇಲ್ಲವೆಂದು ನನ್ನ ನಂಬಿಕೆ.

ಪರದೆಯ ಮೇಲೆ ಬೀಜಗಳೆಲ್ಲ ಹಳದಿಗೆ ತಿರುಗಿದವು.

"ಎಂತ ಮಾರಾಯ್ರೆ, ಎಲ್ಲಾ ಸುಟ್ಟದ್ದಾ?" ಎಂದರು ವ್ಯಾಪಾರಿ.

ತಂಗಿ ನನ್ನತ್ತ ಬೀರಿದ ನೋಟಕ್ಕೆ ಇನ್ನೊಂದು ಮೂಟೆ ಹುರಿಯಬಹುದಿತ್ತು. ಅಂಕಿಗಳನ್ನು ನೋಡಿದೆ. ಶಲ್ಯದ ಬಿಳಿಯಲ್ಲಿ ನೀಲಿ ಮಿತಿಮೀರಿತ್ತು. ಹೆಂಡತಿಗೆ ಫೋನ್ ಮಾಡಿದೆ.

"ಶಲ್ಯಕ್ಕೆ ನೀಲಿ ಹಾಕಿದ್ಯಾ?"

"ಹಾಕ್ದೆ ಮತ್ತೆ? ತಂಗಿ ಕಾರ್ಖಾನೆಗೆ ಹೋಗೂದು, ಮರ್ಯಾದೆ ಉಳೀಲಿ ಅಂತ ಎರಡು ಹನಿ ಜಾಸ್ತಿನೇ ಹಾಕಿದ್ದೆ."

ಬಟ್ಟೆಯ ನೀಲಿಯನ್ನು ಬೆಳಕಿನ ನೀಲಿಯೆಂದು ನಂಬಿದ ನನ್ನ ಪ್ರೋಗ್ರಾಂ, ಅದನ್ನು ಎಲ್ಲ ಬೀಜಗಳಿಂದಲೂ ನಿಷ್ಠೆಯಿಂದ ಕಳೆದುಹಾಕಿತ್ತು. ಬರೆದವನ ಬುದ್ಧಿಯೇ ಅದಕ್ಕೂ ಬಂದಿತ್ತು.

ವ್ಯಾಪಾರಿಯ ಕಪ್ಪಿನಡಿಯ ಬಿಳಿ ಬಸಿಯನ್ನು ಕೇಳದೆಯೇ ಎಳೆದುಕೊಂಡು, ಒರೆಸಿ, ಶಲ್ಯದ ಜಾಗದಲ್ಲಿ ಮಗುಚಿಟ್ಟೆ. ಬೀಜಗಳು ಬೆಳ್ಳಗಾದವು. ಅಷ್ಟರಲ್ಲಿ ಮೋಡ ಕವಿದು ಕೋಣೆ ಮಬ್ಬಾಯಿತು. ಪರದೆಯ ಮೇಲೆ ಮಾತ್ರ ಬಿಳಿ ಬಿಳಿಯಾಗಿಯೇ ಉಳಿಯಿತು. ನಿಜಕ್ಕೂ ಸುಟ್ಟಿದ್ದ ನಾಲ್ಕಾರು ಬೀಜಗಳಷ್ಟೇ ಬೇರೆಯಾಗಿ ಕಂಡವು. ವ್ಯಾಪಾರಿ ಬಿಸಿ ಕಪ್ಪನ್ನು ಕೈಯಿಂದ ಕೈಗೆ ಬದಲಾಯಿಸುತ್ತಲೇ ಎದ್ದು, ಅವನ್ನು ಹೆಕ್ಕಿ ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಆತು. ಮುಂದಿನ ವಾರದಿಂದ ಮಾಲು ಕಳ್ಸಿ."

ತಂಗಿ ಶಲ್ಯವನ್ನು ನನ್ನ ಕೈಗೆ ಕೊಟ್ಟಳು. "ಅಣ್ಣಾ, ಆ ಬಸಿ ಇಲ್ಲೇ ಇರ್ಲಿ" ಎಂದಳು. "ನೀ ಬೇಕಾದ್ರೆ ಹೋಗು."