ಮಗ್ಗ ನಿಂತರೆ ಬರುವ ಅಂಜಿಕೆ

ಕೆಲವರಿಗೆ ಹಾವಿನ ಅಂಜಿಕೆ, ಕೆಲವರಿಗೆ ಕತ್ತಲಿನದು. ನನಗೆ ಮಗ್ಗದ ಸದ್ದು ನಿಂತರೆ ಅಂಜಿಕೆ. ಹೇಳಿದರೆ ಜನ ನಗುತ್ತಾರೆ. ನಗಲಿ, ಬಡಿದುಕೊಳ್ಳುವುದು ಅವರ ಎದೆಯಲ್ಲವಲ್ಲ.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಓಣಿ. ಮುಂದಿನ ಪಡಸಾಲೆಯಲ್ಲಿ ಎರಡು ಪವರ್‌ಲೂಮ್, ಹಿಂದೆ ಒಂದು ಕೋಣೆ, ಅಡುಗೆಮನೆ, ಬಚ್ಚಲು. ಬೆಳಗಾದರೆ ಎಲ್ಲ ಮನೆಗಳ ಮಗ್ಗಗಳೂ ಶುರುವಾಗುತ್ತವೆ, ರಾತ್ರಿಯೂ ಒಂದೆರಡು ಮನೆಗಳಲ್ಲಿ ಓಡುತ್ತಲೇ ಇರುತ್ತವೆ. ಹೊರಗಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಾವು ಆ ಸದ್ದಿನಲ್ಲೇ ಮಾತಾಡುತ್ತೇವೆ, ಜಗಳವಾಡುತ್ತೇವೆ, ಮಧ್ಯಾಹ್ನ ಒಂದು ನಿದ್ದೆಯನ್ನೂ ತೆಗೆಯುತ್ತೇವೆ. ಕೊರೊನಾ ಕಾಲದಲ್ಲಿ ಆ ಸದ್ದು ಪೂರ್ತಿ ನಿಂತುಹೋಯಿತು. ಓಣಿ ಬಿಕೋ ಎನ್ನುತ್ತಿದ್ದ ಆ ದಿನಗಳಲ್ಲೇ ನನ್ನ ಗಂಡ ಉಸಿರಿಗಾಗಿ ಒದ್ದಾಡಿದರು. ಅವರ ಒಂದೊಂದು ಉಸಿರೂ ಕೇಳುತ್ತಿತ್ತು, ಆಮೇಲೆ ಅದೂ ಕೇಳಲಿಲ್ಲ.

ಮಗ್ಗಗಳು ಮತ್ತೆ ಓಡತೊಡಗಿದ ಮೇಲೆ ನಾನೂ ಎದ್ದು ನಿಂತೆ, ನೇಯ್ದೆ, ಬದುಕಿದೆ. ಆದರೆ ಕರೆಂಟ್ ಹೋಗಿ ಓಣಿ ಸುಮ್ಮನಾಯಿತೆಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಚಪ್ಪಲಿ ಹಾಕಿಕೊಳ್ಳದೆ ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆ. ಹಾರ್ನ್ ಹೊಡೆಯುವ ಬಸ್ಸುಗಳ ನಡುವೆ ನಿಂತರೆ ಜೀವ ಬಂದಂತಾಗುತ್ತಿತ್ತು. ಡಾಕ್ಟರು ಕೊಟ್ಟ ಗುಳಿಗೆ ನುಂಗಿದರೆ ಕಣ್ಣು ಎಳೆಯುತ್ತಿತ್ತು; ಓಡುವ ಮಗ್ಗದ ಮುಂದೆ ತೂಕಡಿಸಿದರೆ ಬೆರಳು ಉಳಿಯುವುದಿಲ್ಲ. ಅವರಿಗೂ ಹೇಳದೆ ಬಿಟ್ಟುಬಿಟ್ಟೆ. ಧೈರ್ಯ ತಂದುಕೋ ಎಂದು ಬುದ್ಧಿ ಹೇಳಲು ಬಂದವರನ್ನು, ಧೈರ್ಯವೇನು ಸಂತೆಯಲ್ಲಿ ಸಿಗುತ್ತದೆಯೇ ಎಂದು ಬೈದು ಕಳಿಸುತ್ತಿದ್ದೆ.

ಇರುವವಳು ಒಬ್ಬಳೇ ಮಗಳು, ಸಾವಳಗಿಯ ಒಕ್ಕಲುತನದ ಮನೆಗೆ ಕೊಟ್ಟಿದ್ದೇನೆ. ಅವಳು ಬಸುರಿಯಾದಾಗ ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ದಿಗಿಲೂ ಆಯಿತು. ಹುಟ್ಟುವ ಕೂಸನ್ನು ಮಗ್ಗದ ಸದ್ದಿನಲ್ಲಿ ಇಡಬೇಡಿ ಎಂದು ಅವಳ ಡಾಕ್ಟರು ಹೇಳಿದ್ದರು. ಬೀಗರು ಒಳ್ಳೆಯವರು, ಬಾಣಂತನ ತಾವೇ ಮಾಡುತ್ತೇವೆ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ನನಗೆ ಮಾತ್ರ ಚುಚ್ಚಿತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಅಪ್ಪನಿಲ್ಲದ ಮಗಳಿಗೆ ಅದನ್ನೂ ಮಾಡದಿದ್ದರೆ ನಾನು ಯಾತರ ತಾಯಿ? ಮಗ್ಗ ಬಂದ್ ಇಡುತ್ತೇನೆ, ನೀನು ಬಾ ಎಂದುಬಿಟ್ಟೆ. ಅಂದ ಮೇಲೆ, ನಿಂತ ಮಗ್ಗದ ಮುಂದೆ ದಿನ ಕಳೆಯುವುದು ಹೇಗೆಂದು ಲೆಕ್ಕ ಹಾಕತೊಡಗಿದೆ.

ಜಮಖಂಡಿಯಲ್ಲಿ, ಸಾಲಿ ಕಲಿಸಿ ನಿವೃತ್ತರಾದ ಅಕ್ಕೋರು ಒಬ್ಬರು ಔಷಧಿಯಿಲ್ಲದೆ ಅಂಜಿಕೆ ಬಿಡಿಸುತ್ತಾರೆಂದು ಯಾರೋ ಹೇಳಿದರು. ಬಸ್ ಹತ್ತಿ ಹೋದೆ. ಅವರು ನನ್ನನ್ನು ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂರಿಸಿ, ಫ್ಯಾನ್ ಆರಿಸಿ, ಬಾಗಿಲು ಮುಂದೆ ಮಾಡಿ, ಕಣ್ಣು ಮುಚ್ಚಿರಿ ಎಂದರು. ನಾನು ಎದ್ದು ಅಂಗಳಕ್ಕೆ ಬಂದು ನಿಂತೆ. ನನ್ನ ರೋಗವನ್ನೇ ತಟ್ಟೆಯಲ್ಲಿಟ್ಟು ಕೊಡುತ್ತೀರಲ್ಲ ಎಂದು ಸಿಡುಕಿದೆ. ಅವರು ಬೇಸರಿಸಲಿಲ್ಲ, ತಪ್ಪು ನನ್ನದೇ ಎಂದು ಚಾಪೆಯನ್ನು ಬೀದಿಯ ಕಡೆಯ ಕಟ್ಟೆಗೆ ತಂದು ಹಾಸಿದರು.

ಅಲ್ಲಿ ಕಲಿಸಿದ್ದು ಇಷ್ಟೇ: ಕೊರಳ ಕೆಳಗಿನ ಎಲುಬನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿರಬೇಕು, ಉಸಿರು ಬಿಡುವಾಗ ಬಾಯಿ ಮುಚ್ಚಿ ದುಂಬಿಯ ಹಾಗೆ ಗುಂಯ್‌ಗುಡಬೇಕು. ಮೊದಲ ಸಲ ನನಗೇ ನಗು ಬಂತು. ಆದರೆ ಅವರ ಒಂದು ಮಾತು ಮನಸ್ಸಿಗೆ ನಾಟಿತು.

"ಅಂಜಿಕಿ ಬಂದ್ರ ಬರಲಿ ಬಿಡ್ರಿ. ಓಡಿಸಾಕ ಹೋಗಬ್ಯಾಡ್ರಿ. ಬಾಜೂಕ ಕುಂದರಲಿ, ಅದರಷ್ಟಕ್ಕ ಅದು ಎದ್ದು ಹೋಗತೈತಿ."

ಮೊದಲು ಒಂದು ಮಗ್ಗ ನಿಲ್ಲಿಸಿ ಕೂರಿ, ಅದು ರೂಢಿಯಾದ ಮೇಲೆ ಎರಡನೆಯದು ಎಂದರು. ಹಾಗೇ ಮಾಡಿದೆ. ಬೆವರುತ್ತಿದ್ದೆ, ತಟ್ಟುತ್ತಿದ್ದೆ, ಗುಂಯ್‌ಗುಡುತ್ತಿದ್ದೆ. ಮಗಳು ತವರಿಗೆ ಬರುವ ಹೊತ್ತಿಗೆ ಎರಡೂ ಮಗ್ಗ ನಿಲ್ಲಿಸಿ ರೊಟ್ಟಿ ಬಡಿಯುವಷ್ಟು ಗಟ್ಟಿಯಾಗಿದ್ದೆ. ಕರೆಂಟ್ ಹೋದರೂ ಓಡಿಹೋಗಲಿಲ್ಲ. ಓಣಿಯವರೆಲ್ಲ ಹೊರಬಂದು ಹರಟೆ ಹೊಡೆಯುತ್ತಾರಲ್ಲ, ಆ ಮಾತಿನಲ್ಲಿ ದಾಟಿಬಿಡುತ್ತಿದ್ದೆ. ಗೆದ್ದೆ ಅಂದುಕೊಂಡೆ. ಅಕ್ಕಪಕ್ಕದ ಮಗ್ಗಗಳು ಗೋಡೆಯಾಚೆ ಓಡುತ್ತಲೇ ಇದ್ದವು, ನಾನು ಆ ಸದ್ದಿನ ಆಸರೆಯಲ್ಲೇ ನಿಂತಿದ್ದೆ ಎಂಬುದು ನನಗೂ ಹೊಳೆಯಲಿಲ್ಲ, ಅಕ್ಕೋರಿಗೂ ಹೊಳೆಯಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಮೂಗು ಥೇಟ್ ನನ್ನ ಗಂಡನದು. ಮಗಳು ಮಲಗುವ ಹೊರಸಿನ ಕೆಳಗೆ ಕೆಂಡ ಇಟ್ಟು, ಬಾಣಂತಿಗೆ ಅಳವಿ ಕಾಳಿನ ಪಾಯಸ ಕಾಯಿಸಿ, ಕೂಸಿನ ನೆತ್ತಿಗೆ ಎಣ್ಣೆ ಒತ್ತಿ ನಾನು ಹಿಗ್ಗಿನಲ್ಲಿದ್ದೆ. ಇನ್ನು ನನ್ನನ್ನು ಹಿಡಿಯುವವರಿಲ್ಲ ಎಂಬ ಸೊಕ್ಕೂ ಸ್ವಲ್ಪ ಬಂದಿತ್ತು.

ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವ ತನಕ ಯಾರೂ ಮಗ್ಗ ಓಡಿಸುವುದಿಲ್ಲ. ಯಾರೂ ಜೋರಾಗಿ ಮಾತಾಡುವುದೂ ಇಲ್ಲ. ಓಣಿಯಲ್ಲಿ ಒಬ್ಬರು ತೀರಿಕೊಂಡ ದಿನ ಬೆಳಿಗ್ಗೆ, ಬಾಣಂತಿಗೆ ನೀರು ಹಾಕಲು ಬರುವ ಮುದುಕಿ ಮಗಳನ್ನು ಬಚ್ಚಲಿಗೆ ಕರೆದೊಯ್ದಿದ್ದಳು, ಕೂಸು ನನ್ನ ತೊಡೆಯ ಮೇಲಿತ್ತು. ಹೊರಗೆ ಒಂದು ಮಗ್ಗ ನಿಂತಿತು. ಅದರ ಪಕ್ಕದ್ದು ನಿಂತಿತು. ಹಾಗೇ ಒಂದೊಂದಾಗಿ ಇಡೀ ಓಣಿ ನಿಂತುಹೋಯಿತು. ಬೆರಳು ಕೊರಳ ಕೆಳಗೆ ಹೋಯಿತು, ತಟ್ಟಿದೆ. ಗುಂಯ್‌ಗುಡಲು ನೋಡಿದೆ, ಉಸಿರೇ ಬರಲಿಲ್ಲ. ಆ ಮೌನದಲ್ಲಿ ಕೂಸಿನ ಸಣ್ಣ ಉಸಿರು ಮಾತ್ರ ಕೇಳತೊಡಗಿತು, ಒಂದೊಂದಾಗಿ. ಈಗ ಅದೂ ನಿಲ್ಲುತ್ತದೆ ಎನಿಸಿತು. ಆಮೇಲೆ ನನಗೆ ನೆನಪಿರುವುದು, ನನ್ನ ಕೈ ಸ್ವಿಚ್ಚಿನ ಮೇಲಿತ್ತು, ಮಗ್ಗ ಧಡಧಡ ಓಡುತ್ತಿತ್ತು, ನನ್ನ ಜೀವಕ್ಕೆ ತಂಪಾಗಿತ್ತು ಎಂಬುದು.

ಬಾಗಿಲಲ್ಲಿ ಎದುರುಮನೆಯ ಹಿರಿಯರು ಬಂದು ನಿಂತಿದ್ದರು. ಅವರು ಬೈಯಲಿಲ್ಲ.

"ತಂಗೀ, ಹೆಣ ಇನ್ನೂ ಮನ್ಯಾಗ ಐತಿ. ಬಂದ್ ಮಾಡವಾ."

ಬಂದ್ ಮಾಡಬೇಕೆಂದು ನನಗೂ ಗೊತ್ತಿತ್ತು. ಕೈ ಕೇಳಲಿಲ್ಲ. ಮಗಳು ಹಸಿ ಕೂದಲಲ್ಲಿ ಗೋಡೆ ಹಿಡಿದುಕೊಂಡು ಬಂದು ಸ್ವಿಚ್ ಆರಿಸಿದಳು. ಕೂಸು ಮಗ್ಗದ ಕಾಲ ಬಳಿ ಬರಿ ನೆಲದ ಮೇಲಿತ್ತು, ಅತ್ತು ಅತ್ತು ಕೆಂಪಾಗಿತ್ತು. ಅದನ್ನು ಅಲ್ಲಿ ಮಲಗಿಸಿದ್ದು ನಾನೇ. ಯಾವಾಗ ಮಲಗಿಸಿದೆನೋ ಇವತ್ತಿಗೂ ನೆನಪಾಗುವುದಿಲ್ಲ. ಮಗಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತೆ.

ಜಮಖಂಡಿಗೆ ಫೋನ್ ಮಾಡಿದೆ. ಅಕ್ಕೋರು ಸಮಾಧಾನದಿಂದ ಕೇಳಿಸಿಕೊಂಡು, ಹೀಗಾಗುವುದುಂಟು, ಮತ್ತೆ ಮೊದಲಿನಿಂದ ಶುರು ಮಾಡೋಣ, ಈ ಸಲ ಡಾಕ್ಟರನ್ನೂ ಕಾಣಿರಿ ಎಂದರು. ಮಾಡೋಣ, ಕಾಣೋಣ. ಆದರೆ ಬಾಣಂತನ ಅಲ್ಲಿಯ ತನಕ ಕಾಯುತ್ತದೆಯೇ?

ತನ್ನನ್ನೂ ಕೂಸನ್ನೂ ಕರೆದೊಯ್ಯಲು ಬಾ ಎಂದು ಮಗಳು ಗಂಡನಿಗೆ ಹೇಳಿದ್ದಳು. ಇನ್ನು ಕೂಸನ್ನು ನೆಲಕ್ಕೆ ಇಳಿಸುವುದಿಲ್ಲ, ಸೆರಗಿಗೆ ಕಟ್ಟಿಕೊಂಡಿರುತ್ತೇನೆ, ತೊಟ್ಟಿಲಿಗೆ ಹಾಕುವ ದಿನದ ತನಕವಾದರೂ ಇರು ಎಂದು ಬೇಡಿಕೊಂಡೆ. ಅವಳು ಹೊರಸಿನ ಮೇಲೆ ನನ್ನ ಕೈ ಹಿಡಿದುಕೊಂಡು ಕೂತಳು.

"ನಿನ್ನ ಮ್ಯಾಲ ಸಿಟ್ಟಿಲ್ಲ ಬೇ ಅವ್ವಾ. ನೀ ಬೇಕಂತ ಮಾಡಿಲ್ಲ, ನನಗ ಗೊತ್ತೈತಿ. ಖರೆ ನೀ ಕೂಸಿನ್ನ ಎತಗೊಂಡ್ರ ನನಗ ಕಣ್ಣ ಮುಚ್ಚಾಕ ಆಗವಲ್ದು. ಅಂಜಿಕಿ ಬರತೈತಿ."

ಸಿಟ್ಟು ಅಂದಿದ್ದರೆ ಕಾಲು ಹಿಡಿದಾದರೂ ಇಳಿಸುತ್ತಿದ್ದೆ. ಅಂಜಿಕೆ ಎಂದಳು. ಅಂಜಬೇಡ ಎಂದು ಯಾರು ಯಾರಿಗೆ ಹೇಳುವುದು?  ಎದ್ದು ಹೋಗಿ ಕೂಸಿನ ಕುಂಚಿಗೆ, ಕೌದಿ ಮಡಚಿ ಚೀಲಕ್ಕೆ ತುಂಬತೊಡಗಿದೆ.