ದೊಡ್ಡವ್ವನ ಸೋಡಚೀಟಿ

ಅವ್ವ ತೀರಿಕೊಂಡ ಮೇಲೆ ಅವಳ ತವರಿನ ಕಥೆಯನ್ನು ಬರೆದಿಡಬೇಕೆಂದು ನನಗೆ ಬಲವಾಗಿ ಅನ್ನಿಸತೊಡಗಿತು. ದೊಡ್ಡ ಮನೆತನವೇನಲ್ಲ. ತಾಜಸುಲ್ತಾನಪುರದಲ್ಲಿ ಒಂದಿಷ್ಟು ಹೊಲ, ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಅಜ್ಜನ ಬೇಳೆಕಾಳಿನ ಅಂಗಡಿ, ಅಷ್ಟೆ. ಆದರೆ ನನ್ನ ಮಗಳಿಗೆ ಮುತ್ತಜ್ಜಿಯ ಹೆಸರು ಕೂಡ ಗೊತ್ತಿರಲಿಲ್ಲ, ಕೇಳಿದರೆ ನಾನೂ ತಡವರಿಸಿದೆ. ಸರಿಯಾಗಿ ಹೇಳಬಲ್ಲವಳೆಂದು ಉಳಿದಿದ್ದವಳು ದೊಡ್ಡವ್ವ ಒಬ್ಬಳೇ. ಅವ್ವನ ಅಕ್ಕ. ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದ ಮೇಲೆ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲೇ ಇದ್ದಾಳೆ.

ಒಂದು ಮಧ್ಯಾಹ್ನ ದೊಡ್ಡ ಹಾಳೆ ಹಾಸಿಕೊಂಡು ಅವಳ ಪಕ್ಕ ಕೂತೆ. ಅವಳು ಹೇಳುತ್ತಾ ಹೋದಳು, ನಾನು ಗೆರೆ ಎಳೆದು ಹೆಸರು ಬರೆಯುತ್ತಾ ಹೋದೆ. ಅವಳದೇ ಹೆಸರು ಬಂದಾಗ ನಾನು ಕೇಳುವ ಗೋಜಿಗೇ ಹೋಗಲಿಲ್ಲ. ಚಿಕ್ಕಂದಿನಿಂದ ಕೇಳಿದ್ದನ್ನೇ ಬರೆದೆ: ಕಮಲಾಪುರಕ್ಕೆ ಕೊಟ್ಟಿತ್ತು, ಗಂಡ ಬಿಟ್ಟ.

ದೊಡ್ಡವ್ವ ಚಾಳೀಸು ಏರಿಸಿಕೊಂಡು ಹಾಳೆಯ ಮೇಲೆ ಬಗ್ಗಿದಳು. ಶಾಲೆಯಲ್ಲಿ ಮಕ್ಕಳ ಶುದ್ಧಬರಹ ತಿದ್ದುವಾಗ ಹೀಗೇ ಬಗ್ಗುತ್ತಿದ್ದಿರಬೇಕು.

"ಇದು ತಪ್ಪದ," ಅಂದಳು. "ಅಂವ ನನ್ನ ಬಿಟ್ಟಿಲ್ಲ. ನಾನೇ ಅಂವನ್ನ ಬಿಟ್ಟೀನಿ, ಕೋರ್ಟಿನಾಗ."

ಮುಂದಿನ ಕೆಲವು ದಿನಗಳಲ್ಲಿ, ಪಲ್ಯ ಸೋಸುವಾಗ, ಬಟ್ಟೆ ಮಡಚುವಾಗ, ತುಣುಕು ತುಣುಕಾಗಿ ಎಲ್ಲ ಹೇಳಿದಳು. ಮ್ಯಾಟ್ರಿಕ್ ಮುಗಿದ ಬೇಸಿಗೆಯಲ್ಲೇ ಅವಳ ಮದುವೆಯಾಗಿತ್ತು. ಗಂಡನಿಗೆ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ. ಮೊದಮೊದಲು ಪಂಚಮಿಗೆ, ದೀಪಾವಳಿಗೆ ಊರಿಗೆ ಬರುತ್ತಿದ್ದ. ಆಮೇಲೆ ದೀಪಾವಳಿಗೆ ಮಾತ್ರ ಬರತೊಡಗಿದ, ಕೊನೆಗೆ ಅದೂ ನಿಂತಿತು. ಕಮಲಾಪುರದ ಮನೆಯಲ್ಲಿ ಮೂರೇ ಹೆಂಗಸರು: ವಿಧವೆ ಅತ್ತೆ, ಇನ್ನೂ ಲಂಗ ಹಾಕುತ್ತಿದ್ದ ನಾದಿನಿ, ಮತ್ತು ದೊಡ್ಡವ್ವ. ಅತ್ತೆ ಸೊಸೆ ಇಬ್ಬರೂ ಕೂಡಿಯೇ ಹೊಲಕ್ಕೆ ಹೋಗುತ್ತಿದ್ದರು, ಕೂಡಿಯೇ ರೊಟ್ಟಿ ಬಡಿಯುತ್ತಿದ್ದರು. ಅವನು ಸೊಲ್ಲಾಪುರದಲ್ಲಿ ಬೇರೆ ಹೆಂಗಸಿನ ಜೊತೆ ಮನೆ ಮಾಡಿದ್ದಾನೆ ಎಂಬ ಸುದ್ದಿ ಬಂದಾಗ ಅತ್ತೆ ಯಾರನ್ನೂ ಕಳಿಸಲಿಲ್ಲ. ತಾನೇ ಹೋಗಿ ಕಣ್ಣಾರೆ ನೋಡಿ ಬಂದಳು. ಬಂದವಳೇ ಸೊಸೆಯನ್ನು ಕೂರಿಸಿಕೊಂಡು, ಅವನು ಇನ್ನು ಬರುವುದಿಲ್ಲ, ಅಲ್ಲಿ ಕೂಸೂ ಇದೆ, ನೀನು ನಿನ್ನ ಹಾದಿ ನೋಡಿಕೋ ಎಂದಳಂತೆ.

ದೊಡ್ಡವ್ವನಿಗೆ ಕಲಿಸುವ ಕೆಲಸಕ್ಕೆ ಸೇರುವ ಆಸೆ ಮೊದಲಿನಿಂದಲೂ ಇತ್ತು. ತವರಿಗೆ ಬಂದು, ಸಂಬಂಧ ಕಡಿದುಕೊಂಡು ಟ್ರೇನಿಂಗಿಗೆ ಹೋಗುತ್ತೇನೆ ಎಂದಳು. ಅಜ್ಜ ಒಪ್ಪಲಿಲ್ಲ. ಕೊನೆಗೆ ಅವಳ ಸೋದರಮಾವನೊಬ್ಬ ವಕೀಲರಲ್ಲಿಗೆ ಕರೆದುಕೊಂಡು ಹೋದ. ವಿಚಾರಣೆಯ ದಿನ ಕಮಲಾಪುರದಿಂದ ಅವಳ ಅತ್ತೆ ಬಂದಳು, ಮಗನ ಕಡೆಗಲ್ಲ, ಸೊಸೆಯ ಕಡೆಯ ಸಾಕ್ಷಿಯಾಗಿ.

ತೀರ್ಪು ಬಂದ ಮೇಲೆ ಅಜ್ಜ ಎರಡು ಮಾತು ಹೇಳಿದ್ದ. ಯಾರು ಕೇಳಿದರೂ ಗಂಡನೇ ಬಿಟ್ಟ ಎನ್ನಬೇಕು. ಕಮಲಾಪುರದ ಕಡೆ ಇನ್ನು ತಿರುಗಿ ನೋಡಕೂಡದು. ಆಗ ನನ್ನ ಅವ್ವನಿಗೆ ಗಂಡು ನೋಡುತ್ತಿದ್ದರು. ಗಂಡ ಬಿಟ್ಟವಳ ತಂಗಿಯೆಂದರೆ ಜನ ಅಯ್ಯೋ ಪಾಪ ಎನ್ನುತ್ತಿದ್ದರು. ಗಂಡನನ್ನು ಕೋರ್ಟಿಗೆ ಎಳೆದವಳ ತಂಗಿಯೆಂದರೆ ಹೊಸ್ತಿಲು ತುಳಿಯುತ್ತಿರಲಿಲ್ಲ.

"ಅವ್ವಗ ಇದು ಗೊತ್ತಿತ್ತೇನು?" ಎಂದು ಕೇಳಿದೆ.

"ಅಂವನೇ ಕೋರ್ಟಿಗಿ ಹೋಗ್ಯಾನ ಅಂತ ಆಕಿಗಿ ಹೇಳಿದ್ರು. ನಾ ಹೌದಂದೆ. ತನ್ನ ಲಗ್ನದ ಸಲುವಾಗಿ ಅಕ್ಕ ಹಿಂಗ ಅನಸ್ಕೊಂಡ್ಳು ಅಂತ ತಿಳದಿದ್ರ ಆಕಿ ಜನ್ಮೆಲ್ಲಾ ಮನಸ್ಸಿಗಿ ಹಚ್ಕೋತಿದ್ಳು." ಹಾಳೆಯನ್ನು ನನ್ನ ಕಡೆ ಸರಿಸಿ, "ಈಗ ಬರಿ. ಬರದ್ರ ಆಕಿಗೇನು ನೋವಾಗಂಗಿಲ್ಲ," ಎಂದಳು.

ನಾನು ಆ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದೆ. ಆದರೆ ದೊಡ್ಡವ್ವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಸೋಡಚೀಟಿ ತರಿಸೋಣ ಎಂದಳು. ಗಂಡ ಹೆಂಡತಿ ಬೇರೆಯಾದ ಕಾಗದಕ್ಕೆ, ಅದು ಪಂಚರು ಕೊಟ್ಟದ್ದಿರಲಿ, ಕೋರ್ಟು ಕೊಟ್ಟದ್ದಿರಲಿ, ನಮ್ಮ ಹಿರಿಯರು ಸೋಡಚೀಟಿ ಎಂದೇ ಅನ್ನುತ್ತಾರೆ. ಅವಳಿಗೆ ಬೇಕಾಗಿದ್ದದ್ದು ಅದರಲ್ಲಿ ದಾಖಲಾಗಿರಬಹುದಾದ ಅತ್ತೆಯ ಸಾಕ್ಷಿಯ ಮಾತು. ಅತ್ತೆ ಅಂದು ಸಾಕ್ಷಿ ಹೇಳುವಾಗ ಅವಳು ಅಲ್ಲೇ ನಿಂತಿದ್ದಳಂತೆ, ಆದರೆ ಹೆದರಿಕೆಗೆ ಕಿವಿ ಗುಂಯ್‌ಗುಟ್ಟಿ ಒಂದು ಮಾತೂ ಒಳಗೆ ಇಳಿದಿರಲಿಲ್ಲ. ಆ ಮಾತು ಏನೆಂದು ಆಮೇಲೆ ಕೇಳುವ ಧೈರ್ಯ ಆಗಿರಲಿಲ್ಲ, ಕೇಳಲು ಕಮಲಾಪುರಕ್ಕೆ ಹೋಗುವಂತೆಯೂ ಇರಲಿಲ್ಲ.

ಕೋರ್ಟಿನ ನಕಲು ವಿಭಾಗಕ್ಕೆ ಇಬ್ಬರೂ ಹೋದೆವು. ದೊಡ್ಡವ್ವ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದಳು. ಕಿಟಕಿಯ ಆಚೆ ಕೂತಿದ್ದ ಹೆಣ್ಣುಮಗಳು ಕೇಸಿನ ನಂಬರು ಕೇಳಿದಳು. ನಮ್ಮಲ್ಲಿ ಇರಲಿಲ್ಲ. ಇಸವಿ ಕೇಳಿದಳು. ಅವ್ವನ ಮದುವೆಗಿಂತ ಹಿಂದಿನ ವರ್ಷ ಇರಬೇಕು ಎಂದು ಲೆಕ್ಕ ಹಾಕಿ ಹೇಳಿದೆವು. ಇಷ್ಟು ಹಳೆಯದನ್ನು ಯಾರೋ ಬಂದು ಕೇಳಿದರೆ ಕೊಡಲಾಗುವುದಿಲ್ಲ, ಪಾರ್ಟಿ ಯಾರು, ಅವರಿಗೆ ನೀವು ಏನಾಗಬೇಕು ಎಂದು ನನ್ನನ್ನು ಕೇಳಿದಳು.

"ನಾನೇ ಪಾರ್ಟಿ ಇದ್ದೀನ್ರಿ," ಎಂದಳು ದೊಡ್ಡವ್ವ.

ಆ ಹೆಣ್ಣುಮಗಳು ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ಎದ್ದು ಹೊರಗೆ ಬಂದು ಬೆಂಚಿನ ಮೇಲಿದ್ದ ಫೈಲುಗಳನ್ನು ಸರಿಸಿ, ಕೂಡ್ರಿ ಅಮ್ಮಾ ಎಂದಳು.

ಮತ್ತೆರಡು ಸಲ ಓಡಾಡಿದ ಮೇಲೆ ನಕಲು ಸಿಕ್ಕಿತು. ಸಿಕ್ಕಿದ್ದು ತೀರ್ಪು ಮತ್ತು ಡಿಕ್ರಿ ಮಾತ್ರ. ಉಳಿದ ಕಾಗದಗಳನ್ನು ಅವಧಿ ಮುಗಿದ ಮೇಲೆ ನಿಯಮದ ಪ್ರಕಾರ ತೆಗೆದುಹಾಕಿದ್ದರು. ಅವುಗಳಲ್ಲೇ ಸಾಕ್ಷಿಗಳ ಹೇಳಿಕೆಯೂ ಹೋಗಿತ್ತು. ಹೊರಗೆ ಬೇವಿನ ನೆರಳಿನಲ್ಲಿ ನಿಂತು ನಾನು ಇಂಗ್ಲಿಷಿನಲ್ಲಿದ್ದ ತೀರ್ಪನ್ನು ಕನ್ನಡದಲ್ಲಿ ಓದಿ ಹೇಳಿದೆ. ಅರ್ಜಿದಾರಳು ಎಂದು ಅವಳ ಹೆಸರೇ ಇತ್ತು. ಅದನ್ನು ಎರಡನೇ ಸಲ ಓದಿಸಿಕೊಂಡಳು. ಅತ್ತೆಯ ಬಗ್ಗೆ ಇದ್ದದ್ದು ಒಂದೇ ಸಾಲು: ಎದುರುದಾರನ ತಾಯಿ ಅರ್ಜಿದಾರಳ ಮಾತನ್ನು ಪೂರ್ತಿ ಬೆಂಬಲಿಸಿದ್ದಾಳೆ.

"ಇಷ್ಟೇ ಏನು?" ಎಂದಳು.

ಇಷ್ಟೇ, ಎಂದೆ. ಅವಳು ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡಳು. ಆಟೋದಲ್ಲಿ ಕೋಟೆಯ ಹತ್ತಿರ ಬರುವಾಗ, ನಾದಿನಿ ಕಮಲಾಪುರದಲ್ಲೇ ಇದ್ದಾಳಂತೆ, ಊರಲ್ಲೇ ಕೊಟ್ಟಿದ್ದರಂತೆ ಎಂದಳು. ಯಾರು ಹೇಳಿದರೆಂದು ಕೇಳಿದರೆ, ಬಜಾರಿನಲ್ಲಿ ಕೆಂಪು ಬಾಳೆಹಣ್ಣು ಮಾರಲು ಬರುವ ಕಮಲಾಪುರದ ಹೆಂಗಸರನ್ನು ತಾನು ಆಗಾಗ ವಿಚಾರಿಸುತ್ತಿದ್ದೆ ಎಂದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಅದು ತಿಳಿದಿರಲಿಲ್ಲ.

ಆ ಭಾನುವಾರ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ತೊಗರಿ ಒಣಹಾಕುತ್ತಿದ್ದ ಹೆಂಗಸು, ತಲೆ ಪೂರ್ತಿ ಬೆಳ್ಳಗಾದವಳು, ನಮ್ಮನ್ನು ಕಂಡು ಯಾರು ಬೇಕಾಗಿತ್ತು ಎಂದು ಕೇಳಿದಳು. ದೊಡ್ಡವ್ವ ಸೆರಗು ಸರಿಮಾಡಿಕೊಳ್ಳುತ್ತಾ ನಿಂತುಬಿಟ್ಟಳು. ನಾನು ಹೇಳಬೇಕು ಎನ್ನುವಷ್ಟರಲ್ಲಿ ಆಕೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಹತ್ತಿರ ಬಂದಳು.

"ವೈನಿ?" ಎಂದಳು, ತೀರಾ ಮೆಲ್ಲಗೆ.

ಅಣ್ಣನ ಹೆಂಡತಿಯನ್ನು ಕರೆಯುವ ಆ ಹೆಸರಿಂದ ದೊಡ್ಡವ್ವನನ್ನು ಯಾರಾದರೂ ಕರೆದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಇಬ್ಬರೂ ಅಳಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಎಷ್ಟು ಸೊರಗಿದ್ದಿ, ಮೊಣಕಾಲು ಹೇಗಿದೆ ಎಂದು ಕೇಳಿಕೊಂಡರು. ತಾಯಿ ಹೋಗಿ ಬಹಳ ವರ್ಷವಾಯಿತು, ಅಣ್ಣನೂ ಸೊಲ್ಲಾಪುರದಲ್ಲೇ ತೀರಿಕೊಂಡ, ಅವನ ಹೆಣ್ಣುಮಕ್ಕಳು ಈಗಲೂ ಫೋನು ಮಾಡುತ್ತಾರೆ ಎಂದು ನಾದಿನಿ ಹೇಳಿದಳು. ಮಕ್ಕಳು ಚೆನ್ನಾಗಿದ್ದಾರಾ ಎಂದು ದೊಡ್ಡವ್ವ ಕೇಳಿದಳು. ಚೆನ್ನಾಗಿದ್ದಾರೆ ಎಂದಾಗ ತಲೆಯಾಡಿಸಿದಳು.

ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ ಬಡಿಸಿದಳು. ಊಟದ ನಡುವೆ ದೊಡ್ಡವ್ವ ತನಗೆ ಬೇಕಾಗಿದ್ದ ಮಾತನ್ನು ಕೇಳಿದಳು. ಅಂದು ನಾದಿನಿಯೂ ತಾಯಿಯ ಜೊತೆ ಕೋರ್ಟಿಗೆ ಬಂದು ಹೊರಗೆ ವರಾಂಡದಲ್ಲಿ ಕೂತಿದ್ದಳು. ಒಳಗಿನ ಮಾತು ಅವಳಿಗೂ ಕೇಳಿರಲಿಲ್ಲ, ಆದರೆ ತಿರುಗಿ ಬರುವಾಗ ಬಸ್ಸಿನಲ್ಲಿ ತಾಯಿ ಹೇಳಿದ್ದಳು. ಆಮೇಲೆಯೂ ಎಷ್ಟೋ ಸಲ ಹೇಳುತ್ತಿದ್ದಳಂತೆ.

"ಅವ್ವ ಜಜ್ ಸಾಹೇಬ್ರಿಗಿ ಹೇಳಿದ್ಳಂತ: ಆಕಿ ನನ್ನ ಸೊಸಿ ಅಲ್ಲ ಅಂತ ಬರಕೋರಿ, ನಂದೇನು ತಕರಾರಿಲ್ಲ. ಆದ್ರ ಆಕಿ ನನ್ನ ಮನಿಗಿ ಬರಬಾರ್ದು ಅಂತ ಮಾತ್ರ ಬರೀಬ್ಯಾಡ್ರಿ."

ದೊಡ್ಡವ್ವನ ಕೈ ತಟ್ಟೆಯಲ್ಲೇ ನಿಂತಿತು. "ನಾ ಬರಲೇ ಇಲ್ಲ ನೋಡು," ಎಂದಳು.

"ಅವ್ವ ಅದಕ್ಕ ಸಿಟ್ಟಾಗಿರಲಿಲ್ಲ ವೈನಿ. ನಿಮಗ ನೌಕರಿ ಹತ್ತಿದ್ದು ಆಕಿಗಿ ತಿಳದಿತ್ತು. ನಮ್ಮಾಕಿ ಮಾಸ್ತರ್ತಿ ಆಗ್ಯಾಳ ಅಂತ ಊರಿಗೆಲ್ಲಾ ಹೇಳ್ಯಾಳ."

ಆಗ ದೊಡ್ಡವ್ವ ಅತ್ತಳು. ನಾದಿನಿ ಎಡಗೈಯಿಂದ ಅವಳ ಬೆನ್ನು ಸವರುತ್ತಾ, ಬಲಗೈಯಿಂದ ಅವಳ ತಟ್ಟೆಗೆ ಇನ್ನೊಂದು ಅರ್ಧ ರೊಟ್ಟಿ ಹಾಕಿದಳು.

ಅದಾದ ಮೇಲೆ ಬರುವುದು ಹೋಗುವುದು ಬೆಳೆಯಿತು. ಈ ಚಳಿಗಾಲದಲ್ಲಿ ನಾದಿನಿಗೆ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂದಾಗ ದೊಡ್ಡವ್ವ ಹಟ ಹಿಡಿದು ನಮ್ಮ ಮನೆಯಲ್ಲೇ ಇಟ್ಟುಕೊಂಡಳು. ಹೊತ್ತು ಹೊತ್ತಿಗೆ ತಾನೇ ಹನಿ ಹಾಕುತ್ತಿದ್ದಳು, ರೆಪ್ಪೆ ಬಡಿದರೆ ಒಂದನೇ ತರಗತಿಯ ಮಕ್ಕಳನ್ನು ಗದರುವಂತೆ ಗದರುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಒಬ್ಬಳಿಗೆ ಫ್ಯಾನು ಬೇಕು, ಇನ್ನೊಬ್ಬಳಿಗೆ ಅದರ ಗಾಳಿ ಆಗದು. ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದ ನನಗೆ ಆ ತಕರಾರು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತಿತ್ತು. ಇಣುಕಿ ನೋಡಿದರೆ ಫ್ಯಾನು ನಿಧಾನಕ್ಕೆ ತಿರುಗುತ್ತಿರುತ್ತಿತ್ತು, ನಾದಿನಿಯ ಮೇಲೆ ದೊಡ್ಡವ್ವನ ಶಾಲು ಹೊದಿಸಿರುತ್ತಿತ್ತು.